ಆಟದ ನಿಯಮವೂ ಮಾಂತ್ರಿಕನ ಶಾಪವೂ

ಕಥೆಯಿಂದ ಆಟ ಹುಟ್ಟುವುದು ನಮಗೆ ಹೊಸತಲ್ಲ. ರಾಮಾಯಣವನ್ನು ಕೇಳಿದ ಮಕ್ಕಳು ಬಿದಿರ ಬಿಲ್ಲನ್ನು ಬಾಗಿಸುತ್ತಾರೆ. ಆದರೆ ಆಟದಿಂದ ಕಥೆ ಹುಟ್ಟಿತೆಂದರೆ ವಿಮರ್ಶಕನು ಹುಬ್ಬುಗಂಟಿಕ್ಕುವುದುಂಟು. ಅಂಥ ಕಥೆ ಸರಕಿನ ಜಾಹೀರಾತಾದೀತೆಂಬುದು ಅವನ ಶಂಕೆ. ಈ ಶಂಕೆ ನಿರಾಧಾರವೆಂದು ನಾವು ಹೇಳಲಾರೆವು. ಈ ಬಗೆಯ ಬರಹದಲ್ಲಿ ಬಹುಪಾಲು ಅಂಥದೇ. ಆದರೂ ಇವುಗಳಲ್ಲಿ ಒಂದು ಸಣ್ಣಕಥೆಯಾದರೂ ಕಾವ್ಯವಿಚಾರದ ದೃಷ್ಟಿಯಿಂದ ಪರಿಶೀಲನೆಗೆ ಅರ್ಹವಾಗಿದೆಯೆಂದು ತೋರಿದ್ದರಿಂದ ಈ ಲೇಖನಕ್ಕೆ ಕೈಹಾಕಿದ್ದೇವೆ. ಮಾರ್ಗರೆಟ್ ವೈಸ್ ಅವರ ‘ದಿ ಟೆಸ್ಟ್ ಆಫ್ ದಿ ಟ್ವಿನ್ಸ್’, ಎಂದರೆ ‘ಅವಳಿಗಳ ಪರೀಕ್ಷೆ’, ಎಂಬುದೇ ಆ ಕಥೆ. 1984ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ‘ಡ್ರ್ಯಾಗನ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು.

ಕಥೆಯ ಹಿಂದೆ ಇರುವ ಆಟವನ್ನು ಮೊದಲು ತಿಳಿಯಬೇಕು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರಧಾರಣೆಯ ಆಟವನ್ನು ಹೊರತಂದರು. ಮೇಜಿನ ಸುತ್ತ ಕುಳಿತ ಆಟಗಾರರು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿಕೊಂಡು ಮಾತಿನಲ್ಲಿಯೇ ಸಾಹಸಗಳನ್ನು ನಡಸುತ್ತಾರೆ. ಸಂದೇಹವಿರುವಲ್ಲಿ ದಾಳ ತೀರ್ಪು ಕೊಡುತ್ತದೆ. ಇದರಲ್ಲಿ ಮಾಂತ್ರಿಕನಿಗೆ ಆಗ ವಿಧಿಸಿದ್ದ ಕಟ್ಟಳೆ ವಿಲಕ್ಷಣವಾದುದು. ಅವನು ಗ್ರಂಥವನ್ನು ನೋಡಿ ಮಂತ್ರವನ್ನು ಮನಸ್ಸಿನಲ್ಲಿ ಧರಿಸಬೇಕಾಗಿತ್ತು. ಒಮ್ಮೆ ಪ್ರಯೋಗಿಸಿದೊಡನೆ ಅದು ಅವನ ನೆನಪಿನಿಂದ ಅಳಿಸಿಹೋಗುತ್ತಿತ್ತು. ಈ ಕಟ್ಟಳೆ ಆಟದವರ ಸ್ವಂತ ಕಲ್ಪನೆಯಲ್ಲ. ಜ್ಯಾಕ್ ವ್ಯಾನ್ಸ್ 1950ರಲ್ಲಿ ಪ್ರಕಟಿಸಿದ ‘ದಿ ಡೈಯಿಂಗ್ ಅರ್ತ್’ ಎಂಬ ಕಥಾಸಂಕಲನದಿಂದ ಅದನ್ನು ತೆಗೆದುಕೊಂಡರು. ಗೈಗ್ಯಾಕ್ಸ್ ಆ ಋಣವನ್ನು ಮರೆಮಾಚಲೂ ಇಲ್ಲ. ಆ ಸಂಕಲನದ ಮ್ಯಾಝಿರಿಯನ್ ಎಂಬ ಮಾಂತ್ರಿಕನು ಐದು ಮಂತ್ರಗಳನ್ನು ಪ್ರಯಾಸದಿಂದ ತಲೆಯಲ್ಲಿ ತುಂಬಿಕೊಂಡು ಒಬ್ಬ ತರುಣಿಯ ಬೆನ್ನಟ್ಟಿ ಹೊರಡುತ್ತಾನೆ. ಮಂತ್ರಗಳು ಒಂದೊಂದಾಗಿ ವೆಚ್ಚವಾದಂತೆಲ್ಲ ಅವನ ಅಂತ್ಯ ಸಮೀಪಿಸುತ್ತದೆ. ಕಥೆ ಆಟಕ್ಕೆ ನಿಯಮವಾಯಿತು. ಹತ್ತು ವರ್ಷ ಕಳೆದ ಮೇಲೆ ಆಟ ಮತ್ತೆ ಕಥೆಯಾಯಿತು. ಈ ಹೋಗಿಬರುವಿಕೆಯಲ್ಲಿ ಏನು ಉಳಿಯಿತು, ಏನು ಕಳೆಯಿತು ಎಂಬುದೇ ನಮ್ಮ ವಿಚಾರ.

ಮಂತ್ರದ ಮರೆವು ಭಾರತೀಯ ಓದುಗನಿಗೆ ಅಪರಿಚಿತವಲ್ಲ. ಕರ್ಣನಿಗೆ ಬ್ರಹ್ಮಾಸ್ತ್ರ ಸಕಾಲದಲ್ಲಿ ನೆನಪಿಗೆ ಬಾರದೆಹೋದುದನ್ನು ಎಲ್ಲರೂ ಬಲ್ಲರು. ಆದರೆ ಎರಡಕ್ಕೂ ಇರುವ ಅಂತರ ದೊಡ್ಡದು. ಕರ್ಣನ ಮರೆವು ಪರಶುರಾಮನ ಶಾಪ. ಅವನ ಒಂದು ಸುಳ್ಳಿಗೂ ಆ ಸುಳ್ಳನ್ನು ಹೇಳಿಸಿದ ಹುಟ್ಟಿನ ಅವಮಾನಕ್ಕೂ ಅದು ಹೆಣೆದುಕೊಂಡಿದೆ. ಆಟದ ಮಾಂತ್ರಿಕನ ಮರೆವು ಕೇವಲ ನಿಯಮ. ನಿಯಮ ಎಲ್ಲರಿಗೂ ಸಮಾನ, ಶಾಪ ಒಬ್ಬನದು. ಆದಕಾರಣ ನಿಯಮದಿಂದ ಆಟಗಾರನಿಗೆ ಲೆಕ್ಕಾಚಾರ ಹುಟ್ಟೀತೇ ಹೊರತು ಓದುಗನಿಗೆ ಕರುಣ ಹುಟ್ಟದು. ಆಟವನ್ನಾಧರಿಸಿದ ಕಥೆಗಳಲ್ಲಿ ಸೋತವುಗಳು ಏಕೆ ಸೋತವೆಂಬುದಕ್ಕೆ ಇದೇ ಮುಖ್ಯ ಕಾರಣವೆಂದು ನಮ್ಮ ಎಣಿಕೆ. ಮಾಂತ್ರಿಕನ ಬಳಿ ಎಷ್ಟು ಮಂತ್ರ ಉಳಿದಿದೆ, ಯಾವುದು ಎಷ್ಟು ದೂರ ತಾಗುತ್ತದೆ ಎಂದು ಅವು ಶಾನುಭೋಗನ ಕಡತದಂತೆ ಬರೆದಿಡುತ್ತವೆ. ದಾಳ ಮೇಜಿನ ಮೇಲೆ ಉರುಳುವಾಗ ಏನಾದೀತೆಂದು ಯಾರಿಗೂ ತಿಳಿಯದು. ಆ ಕಾತರವೇ ಆಟದ ಜೀವ. ಕಥೆಯಲ್ಲಾದರೋ ಕವಿಗೆ ಫಲ ಮೊದಲೇ ಗೊತ್ತು. ದಾಳದ ಸ್ಥಾನದಲ್ಲಿ ಬೇರೊಂದನ್ನು ಅವನು ನಿಲ್ಲಿಸಲೇಬೇಕು.

ವೈಸ್ ಅವರು ನಿಲ್ಲಿಸಿದುದು ಅಸೂಯೆಯನ್ನು. ಕಥೆಯ ವಸ್ತು ಸರಳವಾಗಿದೆ. ರೈಸ್ಟ್ಲಿನ್, ಕ್ಯಾರಮನ್ ಎಂಬ ಅವಳಿಗಳಲ್ಲಿ ಮೊದಲನೆಯವನು ಮಾಂತ್ರಿಕ, ಎರಡನೆಯವನು ಯೋಧ. ಮಾಂತ್ರಿಕರ ಗೋಪುರದಲ್ಲಿ ರೈಸ್ಟ್ಲಿನ್ ಪರೀಕ್ಷೆಗೆ ಒಳಗಾಗಬೇಕು, ಸೋತರೆ ಮರಣ. ಇಲ್ಲಿ ಆಟದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಒಂದು ಸ್ವಾರಸ್ಯ ಕಾಣಬರುತ್ತದೆ. 1978ರ ನಿಯಮಗ್ರಂಥದ ಪ್ರಕಾರ ಯೋಧನ ಪ್ರಾಣಬಲವನ್ನು ಹತ್ತು ಮುಖದ ದಾಳದಿಂದಲೂ ಮಾಂತ್ರಿಕನದನ್ನು ನಾಲ್ಕು ಮುಖದ ದಾಳದಿಂದಲೂ ಎಣಿಸಬೇಕು. ಮಾಂತ್ರಿಕನಿಗೆ ಕವಚವಿಲ್ಲ, ಕತ್ತಿಯಿಲ್ಲ. ಆರಂಭದಲ್ಲಿ ಅವನಿಗಿರುವುದು ಒಂದೇ ಒಂದು ಮಂತ್ರ. ಆಟದ ಸಮತೋಲಕ್ಕಾಗಿ ಮಾಡಿದ ಈ ಹಂಚಿಕೆಯನ್ನು ಲೇಖಕಿ ಒಂದೇ ಗರ್ಭದಲ್ಲಿ ಬೆಳೆದ ಇಬ್ಬರ ನಡುವಣ ಹಂಚಿಕೆಯಾಗಿ ಕಂಡಿದ್ದಾರೆ. ಹತ್ತು ಒಬ್ಬನ ಪಾಲಿಗೆ, ನಾಲ್ಕು ಇನ್ನೊಬ್ಬನ ಪಾಲಿಗೆ. ನಿಯಮಗ್ರಂಥದಲ್ಲಿ ಬರಿಯ ಅಂಕವಾಗಿದ್ದುದು ಇಲ್ಲಿ ದಾಯಭಾಗದ ಸಂಕಟವಾಗುತ್ತದೆ. ಹಂಚಿಕೆಯಲ್ಲಿ ಅನ್ಯಾಯವಾಯಿತೆಂದು ದೂರುವುದಕ್ಕೂ ಯಾರಿಲ್ಲ.

ಕಥೆಯ ಮರ್ಮವಿರುವುದು ಪರೀಕ್ಷೆಯ ಕೊನೆಯಲ್ಲಿ. ಬಳಲಿ ಬಿದ್ದಿರುವ ರೈಸ್ಟ್ಲಿನ್ನನ ಕಣ್ಣೆದುರಿಗೆ ಕ್ಯಾರಮನ್ ಬಂದು ಮಂತ್ರವನ್ನು ಪ್ರಯೋಗಿಸುತ್ತಾನೆ. ತಮ್ಮಿಬ್ಬರಲ್ಲಿ ತನಗೊಬ್ಬನಿಗೇ ಇದ್ದ ಒಂದೇ ಆಸ್ತಿಯನ್ನು ಅವನು ಅನಾಯಾಸವಾಗಿ ಕೈಯಲ್ಲಿ ಹಿಡಿದು ನಿಂತಿದ್ದಾನೆ. ರೈಸ್ಟ್ಲಿನ್ ಅವನನ್ನು ಕೊಂದುಹಾಕುತ್ತಾನೆ. ಕೊಲೆಯಾದುದು ಮಾಯಾರೂಪವೆಂಬುದು ಆಮೇಲೆ ತಿಳಿಯುತ್ತದೆ. ಆದರೆ ಕೊಂದ ಮನಸ್ಸು ಮಾಯೆಯಲ್ಲ. ಯೋಧನು ಮಂತ್ರ ಹೇಳುವುದು ಆಟದ ಅಂದಿನ ನಿಯಮಕ್ಕೆ ವಿರುದ್ಧವಾಗಿತ್ತೆಂಬುದನ್ನು ಗಮನಿಸಬೇಕು. ದುರ್ಬಲನಿಗೆ ನಿಯಮವೇ ಏಕೈಕ ರಕ್ಷಣೆ. ಅದು ಮುರಿದುಬಿದ್ದ ಕ್ಷಣದಲ್ಲಿ ಅವನೊಳಗೆ ಏನಿತ್ತೆಂಬುದು ಹೊರಬೀಳುತ್ತದೆ. ನಮ್ಮ ಆಲಂಕಾರಿಕರು ಅಸೂಯೆಯನ್ನು ಸಂಚಾರಿಭಾವಗಳಲ್ಲಿ ಎಣಿಸಿದ್ದಾರೆ. ಬಂದು ಹೋಗುವ ಭಾವವದು. ಅದು ಬಂದು ಹೋಗದೆ ನೆಲೆಯೂರಿದರೆ ಪಾತ್ರದ ಗತಿಯೇನು ಎಂಬುದನ್ನು ಈ ಸನ್ನಿವೇಶ ತೋರಿಸುತ್ತದೆ. ಎಲ್ಲ ಮಾಂತ್ರಿಕರಿಗೂ ಸಾಮಾನ್ಯವಾಗಿದ್ದ ನಿಯಮ ಇಲ್ಲಿ ಒಬ್ಬನ ಶಾಪವಾಗಿ ಮಾರ್ಪಟ್ಟಿದೆ. ಪರೀಕ್ಷೆಯಲ್ಲಿ ಗೆದ್ದ ರೈಸ್ಟ್ಲಿನ್ನನಿಗೆ ಮೊದಲೇ ಕೃಶವಾಗಿದ್ದ ದೇಹ ಪೂರ್ತಿ ಜರ್ಝರಿತವಾಗುತ್ತದೆ. ನಾಲ್ಕು ಮುಖದ ದಾಳ ಎದೆಯ ಕೆಮ್ಮಾಗಿ ಅವನೊಡನೆ ಉಳಿಯುತ್ತದೆ.

ದೋಷಗಳಿಲ್ಲವೆಂದಲ್ಲ. ಈ ಕಥಾಲೋಕದಲ್ಲಿ ಸಾತ್ತ್ವಿಕ ಮಾಂತ್ರಿಕರಿಗೆ ಬಿಳಿಯ ನಿಲುವಂಗಿ, ತಾಮಸರಿಗೆ ಕರಿಯದು, ನಡುವಿನವರಿಗೆ ಕೆಂಪು. ಆಟದಲ್ಲಿ ಪಾತ್ರಗಳ ಶೀಲವನ್ನು ವಿಂಗಡಿಸುವ ಕೋಷ್ಟಕವೇ ಇಲ್ಲಿ ಬಟ್ಟೆಯಾಗಿದೆ. ಅದು ಔಚಿತ್ಯವನ್ನು ಕೆಡಿಸುತ್ತದೆ. ಸೋದರನ ರೂಪವನ್ನು ಕೊಂದವನ ಅಂತರಂಗವನ್ನು ಕಂಡ ಓದುಗನಿಗೆ ಅವನು ಕೆಂಪು ಬಟ್ಟೆ ಉಟ್ಟನೆಂದು ತಿಳಿಸಿದರೆ, ಆಳವಾದ ಪ್ರಶ್ನೆಯೊಂದಕ್ಕೆ ಗುಮಾಸ್ತನ ಉತ್ತರ ದೊರೆತಂತಾಗುತ್ತದೆ. ಅಲ್ಲದೆ ಈ ಲೋಕದ ಹೆಸರುಗಳನ್ನೂ ಇತಿಹಾಸವನ್ನೂ ಅರಿಯದವನಿಗೆ ಕಥೆ ಅಲ್ಲಲ್ಲಿ ತೊಡಕೆನಿಸುತ್ತದೆ. ಪತ್ರಿಕೆ ಆಟದ ಪ್ರಕಾಶಕರದೇ ಆಗಿದ್ದರಿಂದ ಓದುಗರೂ ಆಟಗಾರರಾಗಿದ್ದರು. ಲೇಖಕಿಗೆ ಇದರ ಚಿಂತೆ ಬಂದಿರಲಾರದು.

ರೈಸ್ಟ್ಲಿನ್ನನ ಪಾತ್ರಕ್ಕೆ ಮೇಜಿನ ಮೇಲಣ ಆಟ ಕೊಟ್ಟ ಇನ್ನೊಂದು ಕೊಡುಗೆಯನ್ನೂ ಹೇಳಬೇಕು. ವೈಸ್ ಅವರ ಜೊತೆಗಾರರಾದ ಟ್ರೇಸಿ ಹಿಕ್‌ಮನ್ ಅವರ ಮನೆಯಲ್ಲಿ ಈ ಸಾಹಸಗಳನ್ನು ಆಡಿನೋಡುತ್ತಿದ್ದಾಗ, ಮಾಂತ್ರಿಕನ ಪಾತ್ರ ವಹಿಸಿದ ಗೆಳೆಯರೊಬ್ಬರು ಕ್ಷೀಣವಾದ ಪಿಸುದನಿಯಲ್ಲಿ ಮಾತನಾಡಿದರಂತೆ. ಆ ದನಿ ನಿಯಮಗ್ರಂಥದ ಯಾವ ಪುಟದಲ್ಲಿಯೂ ಇರಲಿಲ್ಲ. 1984ರ ಕೊನೆಯಲ್ಲಿ ಹೊರಬಂದ ‘ಡ್ರ್ಯಾಗನ್ಸ್ ಆಫ್ ಆಟಮ್ ಟ್ವೈಲೈಟ್’ ಕಾದಂಬರಿಯಲ್ಲಿ ರೈಸ್ಟ್ಲಿನ್ ಅದೇ ದನಿಯಲ್ಲಿ ಮಾತನಾಡುತ್ತಾನೆ. ಕೆಮ್ಮು ಒತ್ತರಿಸಿದಾಗ ಬಿಸಿನೀರು ಕಾಸಿ ಗಿಡಮೂಲಿಕೆಯ ಕಷಾಯವನ್ನು ಮಾಡಿಕೊಡುವವನು ಕ್ಯಾರಮನ್. ಗೋಪುರದಲ್ಲಿ ತನ್ನ ಕೊಲೆಯನ್ನು ತಾನೇ ನಿಂತು ನೋಡಿದವನು ಅವನು.