ಎರಡು ದಿಗ್ಗೇವಾಡಿ

ರಾಯಬಾಗ ತಾಲ್ಲೂಕಿನ ದಿಗ್ಗೇವಾಡಿಯ ಒಂದು ಮನೆ ಅಂದುಕೊಳ್ಳಿ. ಅಪ್ಪನ ಲೆಕ್ಕಪತ್ರವೆಲ್ಲ ವಿಂಡೋಸಿನಲ್ಲಿ, ಪುಣೆಯಿಂದ ರಜೆಗೆ ಬಂದ ಮಗಳ ಕೈಲಿ ಮ್ಯಾಕ್, ಅಟ್ಟ ಸೇರಬೇಕಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ ಉಬುಂಟು ಲಿನಕ್ಸ್. ವೈಫೈ ಒಂದೇ. ಆದರೂ ಪೆನ್‌ಡ್ರೈವ್ ಹಿಡಿದು ಕೋಣೆಯಿಂದ ಕೋಣೆಗೆ ಓಡಾಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಉಬುಂಟುವಿಗೆ ಸಾಂಬಾ ಹಾಕಿ ಒಂದು ಫೋಲ್ಡರ್ ತೆರೆದಿಟ್ಟರೆ ಮುಗಿಯಿತಲ್ಲ! ವಿಂಡೋಸಿನ ಎಸ್‌ಎಂಬಿ ಭಾಷೆಯಲ್ಲಿ ಮಾತಾಡುವ ಈ ತಂತ್ರಾಂಶವನ್ನು ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಶುರುಮಾಡಿದ್ದು 1992ರಲ್ಲಿ. 2013ರಿಂದ ಆಪಲ್ ಕೂಡ ತನ್ನದೇ ಭಾಷೆಯಾದ ಎಎಫ್‌ಪಿಯನ್ನು ಹಿಂದೆ ಸರಿಸಿ ಎಸ್‌ಎಂಬಿಗೇ ಮಣೆ ಹಾಕಿದೆ. ಹಳೆಯ ಎಸ್‌ಎಂಬಿ1 ಮಾತ್ರ ಬೇಡ. 2017ರಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ನುಗ್ಗಿದ್ದು ಅದೇ ಬಾಗಿಲಿಂದ.

ಇಷ್ಟು ಎಲ್ಲರಿಗೂ ಒಂದೇ. ಕನ್ನಡದ ಮನೆಗೆ ಬೇರೊಂದು ಪೇಚಿದೆ, ಫೈಲಿನ ಹೆಸರಿನದು.

ಹೊಲದ ಉತಾರ, ಕಬ್ಬಿನ ಬಿಲ್ಲು ಸ್ಕ್ಯಾನ್ ಮಾಡಿ ‘ದಿಗ್ಗೇವಾಡಿ’ ಎಂಬ ಫೋಲ್ಡರಿಗೆ ಹಾಕಿದಿರಿ ಅನ್ನಿ. ಯೂನಿಕೋಡಿನಲ್ಲಿ ಆ ಏತ್ವ ಬರೆಯಲು ಎರಡು ದಾರಿ: ಇಡಿಯಾಗಿ ಒಂದೇ ಸಂಕೇತ, ಇಲ್ಲವೇ ಎತ್ವ ಮತ್ತು ದೀರ್ಘ ಸೇರಿ ಎರಡು. ಕಣ್ಣಿಗೆ ವ್ಯತ್ಯಾಸ ಕಾಣದು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕು ಹೆಸರನ್ನು ಹೀಗೆ ಬಿಡಿಸಿಯೇ ಇಡುತ್ತದೆ. ಲಿನಕ್ಸಿನ ಎಕ್ಸ್‌ಟಿ4 ಡಿಸ್ಕು ನೋಡುವುದು ಬೈಟುಗಳನ್ನಷ್ಟೇ. ಅದರ ಲೆಕ್ಕಕ್ಕೆ 30 ಬೈಟಿನ ದಿಗ್ಗೇವಾಡಿ ಬೇರೆ, 33 ಬೈಟಿನ ದಿಗ್ಗೇವಾಡಿ ಬೇರೆ. ಅಕ್ಕಪಕ್ಕ ಒಂದೇ ಹೆಸರಿನ ಎರಡು ಫೋಲ್ಡರು; ಅರ್ಧ ಉತಾರ ಅಲ್ಲಿ, ಅರ್ಧ ಇಲ್ಲಿ. ಚಿಕ್ಕೋಡಿಯ ಪಾಡು ಇನ್ನೂ ಕಷ್ಟ, ಅದರ ಓತ್ವ ಮೂರು ತುಂಡಾಗುತ್ತದೆ. ಅಥಣಿ, ನಿಪ್ಪಾಣಿ, ಕಾಗವಾಡ, ರಾಯಬಾಗದವರು ಪುಣ್ಯವಂತರು. ಅವರ ಊರಿನ ಹೆಸರಲ್ಲಿ ಒಡೆಯುವ ಸ್ವರಚಿಹ್ನೆಯೇ ಇಲ್ಲ.

ಅದಕ್ಕೇ ಇಂಗ್ಲಿಷಿನಲ್ಲಿ ಹೆಸರಿಡಿ ಎನ್ನುವವರ ಮಾತು ನನಗೆ ಒಗ್ಗದು. ಅಲ್ಲೇನು ನೆಮ್ಮದಿ? ದೊಡ್ಡಕ್ಷರ, ಚಿಕ್ಕಕ್ಷರ ಲಿನಕ್ಸಿಗೆ ಬೇರೆಬೇರೆ, ವಿಂಡೋಸಿಗೆ ಒಂದೇ. ಆ ಜಗಳ ಕನ್ನಡಕ್ಕಿಲ್ಲ.

ಸಾಂಬಾ ಮೂಲಕ ಸಾಗಿಸಿದರೆ ಮ್ಯಾಕ್ ಸಾಮಾನ್ಯವಾಗಿ ಹೆಸರನ್ನು ಕೂಡಿಸಿಯೇ ಕಳಿಸುತ್ತದೆ. ತೊಡಕು ಬರುವುದು ಹಳೆಯ ಡಿಸ್ಕನ್ನು ಆರ್‌ಸಿಂಕ್ ಎಂಬ ತಂತ್ರಾಂಶದಿಂದ ನಕಲು ಮಾಡುವಾಗ. ಆರ್‌ಸಿಂಕ್ ಹಿಂದಿರುವುದೂ ಅದೇ ಟ್ರಿಜೆಲ್, ಜೊತೆಗೆ ಪಾಲ್ ಮ್ಯಾಕೆರಾಸ್. ಅದರ ‘ಐಕಾನ್ವ್’ ಆಯ್ಕೆಯಲ್ಲಿ ಮ್ಯಾಕ್ ಕಡೆಗೆ ‘ಯುಟಿಎಫ್-8-ಮ್ಯಾಕ್’ ಎಂದು ಹೇಳಿದರೆ ಹೆಸರು ದಾರಿಯಲ್ಲೇ ಕೂಡಿಕೊಳ್ಳುತ್ತದೆ. ಮ್ಯಾಕ್ ಜೊತೆಗೆ ಬಹುಕಾಲ ಬರುತ್ತಿದ್ದ ಆರ್‌ಸಿಂಕ್ 2.6.9ರಲ್ಲಿ ಈ ಆಯ್ಕೆ ಇಲ್ಲ. 3ನೇ ಆವೃತ್ತಿ ಹಾಕಿಕೊಂಡು, ನಕಲು ಶುರುಮಾಡಿ.