ಅವರಿಗೆ ಅರ್ಧ ಪಾನ, ನಮಗೆ ಎರಡು ಗೆರೆ

ಕೊಲ್ಹಾಪುರದ ಶಾಹೂ ಸ್ಟೇಡಿಯಮ್ಮಿನಲ್ಲಿ ಸಂಜೆ ಮುಗಿದ ಪಂದ್ಯ ಗಡಿಯ ಈಚೆ, ನಿಪ್ಪಾಣಿ ಬಳಿಯ ನಮ್ಮ ಅಕ್ಕೋಳದಲ್ಲಿ ಮರುದಿನ ಬೆಳಿಗ್ಗೆ ಇನ್ನೊಮ್ಮೆ ನಡೆಯುತ್ತದೆ. ಚಹಾದಂಗಡಿಯ ಬೆಂಚಿನ ಮೇಲೆ ಮರಾಠಿ ಪೇಪರು ಬಿಚ್ಚಿಕೊಳ್ಳುತ್ತದೆ, ಕ್ರೀಡಾಪುಟ ಕೈಯಿಂದ ಕೈಗೆ ಹೋಗುತ್ತದೆ, ಗೋಲು ತಪ್ಪಿಸಿದವನಿಗಿಂತ ಸುದ್ದಿ ಬರೆದವನೇ ಹೆಚ್ಚು ಬೈಸಿಕೊಳ್ಳುತ್ತಾನೆ. "ಅವರು ಗೆದ್ದರ ಅರ್ಧ ಪಾನ, ನಾವು ಗೆದ್ದರ ಎರಡ ಗೆರಿ. ಇದಕ್ಕ ಪೇಪರ್ ಅಂತಾರೇನ್ರಿ?" ಪಾನ ಅಂದರೆ ಪುಟ. ಸೋತವನ ಮಾತಾಗಿದ್ದರೆ ಪಾಪ ಎಂದು ಬಿಡಬಹುದಿತ್ತು. ಗೆದ್ದ ತಂಡದವನೂ ಇದನ್ನೇ ಹೇಳುತ್ತಾನೆ.

ಬೆಂಗಳೂರು, ಮೈಸೂರಿನ ಓದುಗರಿಗೆ ಇದು ವಿಚಿತ್ರ ಅನ್ನಿಸೀತು. ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿಲೋಮೀಟರು. ಬೆಂಗಳೂರು ಆರು ನೂರರ ಹತ್ತಿರ. ಹಾಗಾಗಿ ಈ ಗಡಿಭಾಗದಲ್ಲಿ ಫುಟ್‌ಬಾಲ್ ಎಂದರೆ ಮೊದಲು ಕೊಲ್ಹಾಪುರದ ಫುಟ್‌ಬಾಲ್. ಅಲ್ಲಿ ತಂಡ ಕಟ್ಟಿದವರು ಕಂಪನಿಗಳಲ್ಲ, ತಾಲೀಮುಗಳು. ಕುಸ್ತಿಯ ಕೆಂಪು ಮಣ್ಣಿನಲ್ಲಿ ಹೊರಳಿದ ಗರಡಿಗಳೇ ಚೆಂಡನ್ನೂ ಒದೆಯತೊಡಗಿದವು. ಪಾಟಾಕಡೀಲ ತಾಲೀಮ, ದಿಲಬಹಾರ ತಾಲೀಮ, ಖಂಡೋಬಾ ತಾಲೀಮ, ಬಾಲಗೋಪಾಲ ತಾಲೀಮ, ಶಿವಾಜಿ ತರುಣ ಮಂಡಳ, ಪ್ರಾಕ್ಟೀಸ್ ಕ್ಲಬ್: ಒಂದೊಂದು ಹೆಸರಿನ ಹಿಂದೆ ಒಂದೊಂದು ಪೇಠದ, ಅಂದರೆ ಬಡಾವಣೆಯ, ಅಭಿಮಾನವಿದೆ. ಲೀಗ್ ನಡೆಸುವ ಕೊಲ್ಹಾಪುರ ಸ್ಪೋರ್ಟ್ಸ್ ಅಸೋಸಿಯೇಷನ್ ಹುಟ್ಟಿದ್ದು 1940ರಲ್ಲಿ. ಕೊಲ್ಹಾಪುರದವನಿಗೆ ತಂಡ ಹುಟ್ಟಿನಿಂದಲೇ ಬರುತ್ತದೆ. ಗಡಿಯ ಈಚೆಗಿನ ನಮಗೆ ಪೇಠವಿಲ್ಲ. ಸೋದರಮಾವನ ಮನೆ ಎಲ್ಲಿದೆ, ಕಾಲೇಜಿಗೆಂದು ಖೋಲಿ ಹಿಡಿದದ್ದು ಯಾವ ಓಣಿಯಲ್ಲಿ ಎಂಬುದರ ಮೇಲೆ ತಂಡ ನಿಶ್ಚಯವಾಗುತ್ತದೆ. ಹೆಂಡತಿಯ ತವರು ಶಿವಾಜಿ ಪೇಠದಲ್ಲಿದ್ದೂ ಮಂಗಳವಾರ ಪೇಠದ ತಂಡವನ್ನು ಬೆಂಬಲಿಸುವ ಅಳಿಯನನ್ನು ನಾನಂತೂ ಧೈರ್ಯಶಾಲಿ ಎಂದೇ ಕರೆಯುತ್ತೇನೆ.

ಇಂಥ ಊರಿನಲ್ಲಿ ವರದಿಗಾರನೂ ಯಾವುದೋ ಒಂದು ಪೇಠದಲ್ಲಿ ಮನೆ ಮಾಡಿರಲೇಬೇಕಲ್ಲ. ಎಲ್ಲಿ ಎಂಬುದು ಓದುಗನಿಗೆ ಗೊತ್ತು. ಗೊತ್ತಿಲ್ಲದಿದ್ದರೆ ಊಹಿಸಿಕೊಳ್ಳುತ್ತಾನೆ. ಆಮೇಲೆ ಅಳತೆ ಶುರು. ಶೀರ್ಷಿಕೆಯಲ್ಲಿ ಯಾರ ಹೆಸರು ಮೊದಲು? ಫೋಟೊದಲ್ಲಿ ಗೆದ್ದವನ ನಗುವೋ, ಸೋತವನ ತಲೆ ಮೇಲಿನ ಕೈಯೋ? ಅವರ ಗೋಲು 'ಅಪ್ರತಿಮ' ಆಗಿ ನಮ್ಮದು 'ಗೋಲ್‌ಕೀಪರನ ಎಡವಟ್ಟು' ಯಾಕಾಯಿತು? ಗ್ಯಾಲರಿಯಲ್ಲಿ ಹೊಡೆದಾಟವಾದರೆ ಮುಗಿದೇಹೋಯಿತು; ಮೊದಲ ಕಲ್ಲು ಯಾವ ಬದಿಯಿಂದ ಬಂತು ಎಂದು ಪೇಪರು ಬರೆದರೂ ತಪ್ಪು, ಬರೆಯದಿದ್ದರೂ ತಪ್ಪು.

ಇದನ್ನು ಕೇಳಿ ನಗುವ ಮೊದಲು ಒಂದು ಹಳೆಯ ಪ್ರಯೋಗವನ್ನು ನೆನೆಯಬೇಕು. 1951ರ ನವೆಂಬರಿನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ವಿದ್ಯಾಸಂಸ್ಥೆಗಳ ನಡುವೆ ಒಂದು ಒರಟು ಪಂದ್ಯ ನಡೆಯಿತು. ಅದು ಅವರ ಫುಟ್‌ಬಾಲ್, ನಮ್ಮದಲ್ಲ. ಆದರೆ ಅಭಿಮಾನಿ ಎಲ್ಲೆಡೆ ಒಬ್ಬನೇ. ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಎರಡೂ ಕಡೆಯ ವಿದ್ಯಾರ್ಥಿಗಳನ್ನು ಕೂರಿಸಿ ಆ ಪಂದ್ಯದ ಫಿಲಂ ತೋರಿಸಿ, ಕಂಡ ತಪ್ಪುಗಳನ್ನು ಎಣಿಸಿ ಎಂದರು. ಡಾರ್ಟ್‌ಮತ್ ತಂಡ ಮಾಡಿದ ತಪ್ಪುಗಳು ಪ್ರಿನ್ಸ್‌ಟನ್ ಹುಡುಗರಿಗೆ ಕಂಡದ್ದು, ಡಾರ್ಟ್‌ಮತ್ ಹುಡುಗರಿಗೆ ಕಂಡದ್ದರ ಎರಡು ಪಟ್ಟು. 1954ರಲ್ಲಿ ಇದು ಪ್ರಕಟವಾಯಿತು. ಮೂವತ್ತು ವರ್ಷದ ಮೇಲೆ, 1985ರಲ್ಲಿ, ಸ್ಟ್ಯಾನ್‌ಫರ್ಡಿನ ಸಂಶೋಧಕರು ಬೇರೂತ್ ಹತ್ಯಾಕಾಂಡದ ಟೀವಿ ಸುದ್ದಿಗಳನ್ನು ಇಸ್ರೇಲ್ ಪರ, ಅರಬ್ಬರ ಪರ ಇರುವ ವಿದ್ಯಾರ್ಥಿಗಳಿಗೆ ತೋರಿಸಿದಾಗ ಎರಡೂ ಬಣಗಳು ಅದೇ ಸುದ್ದಿ ತಮ್ಮ ವಿರುದ್ಧವೇ ವಾಲಿದೆ ಎಂದವು. ನಮ್ಮ ಚಹಾದಂಗಡಿಗೆ ಆ ಸಂಶೋಧಕರು ಬಂದಿದ್ದರೆ ಫಿಲಮ್ಮಿನ ಖರ್ಚು ಉಳಿಯುತ್ತಿತ್ತು.

ಹಾಗಂತ ಅಭಿಮಾನಿಯ ಸಿಟ್ಟೆಲ್ಲ ಭ್ರಮೆ ಎಂದು ತಳ್ಳಿಹಾಕಿದರೆ ಅದೂ ಅನ್ಯಾಯವೇ. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡಿನ ಹಿಲ್ಸ್‌ಬರೊ ಮೈದಾನದಲ್ಲಿ ಆದ ನೂಕುನುಗ್ಗಲಿನಿಂದ ಲಿವರ್‌ಪೂಲ್ ತಂಡದ ಒಟ್ಟು 97 ಬೆಂಬಲಿಗರು ಜೀವ ಕಳೆದುಕೊಂಡರು. ನಾಲ್ಕು ದಿನದ ಮೇಲೆ 'ದಿ ಸನ್' ಪತ್ರಿಕೆ ಮುಖಪುಟದಲ್ಲಿ ಸತ್ಯ ಎಂಬ ದಪ್ಪಕ್ಷರದ ಕೆಳಗೆ ಆ ಬೆಂಬಲಿಗರೇ ಹೆಣಗಳ ಜೇಬಿಗೆ ಕೈಹಾಕಿದರೆಂದು ಬರೆಯಿತು. ಅದು ಹಸಿ ಸುಳ್ಳು. ಪತ್ರಿಕೆ ಸರಿಯಾಗಿ ಕ್ಷಮೆ ಕೇಳಿದ್ದು ಸ್ವತಂತ್ರ ಸಮಿತಿಯ ವರದಿ ಬಂದ 2012ರಲ್ಲಿ. ಸತ್ತವರದು ಕಾನೂನುಬಾಹಿರ ಹತ್ಯೆ ಎಂದು ತೀರ್ಮಾನವಾದದ್ದು 2016ರಲ್ಲಿ. ಲಿವರ್‌ಪೂಲಿನ ಎಷ್ಟೋ ಅಂಗಡಿಗಳಲ್ಲಿ ಆ ಪತ್ರಿಕೆ ಇವತ್ತಿಗೂ ಸಿಗುವುದಿಲ್ಲ, 2017ರಲ್ಲಿ ಕ್ಲಬ್ ಅದರ ವರದಿಗಾರರಿಗೆ ಬಾಗಿಲನ್ನೇ ಮುಚ್ಚಿತು. ಎರಡು ಗೆರೆಯ ದುಃಖವನ್ನು ಇದರ ಪಕ್ಕದಲ್ಲಿಟ್ಟು ತೂಗಲಾಗದು.

ನಮ್ಮ ರಾಜ್ಯದ ತಂಡಕ್ಕೆ ಬರೋಣ. ಬೆಂಗಳೂರು ಎಫ್‌ಸಿಯ ಅಭಿಮಾನಿಗಳ ಹಳೆಯ ಗೋಳು ಏನೆಂದರೆ, ದೇಶದ ಫುಟ್‌ಬಾಲ್ ಸುದ್ದಿಯೆಲ್ಲ ಕೋಲ್ಕತ್ತಾ, ಕೊಚ್ಚಿ, ಗೋವಾದ ಕಣ್ಣಿಂದಲೇ ಬರುತ್ತದೆ. ಅವರ ಕೈಯಲ್ಲಿ ಒಳ್ಳೆಯ ಸಾಕ್ಷ್ಯವೂ ಇದೆ. 2022ರ ಸೆಪ್ಟೆಂಬರ್ 18ರಂದು ಕೋಲ್ಕತ್ತಾದಲ್ಲಿ ಮುಂಬೈ ಸಿಟಿಯನ್ನು 2–1ರಿಂದ ಸೋಲಿಸಿ ತಂಡ ಮೊದಲ ಸಲ ಡ್ಯುರಾಂಡ್ ಕಪ್ ಎತ್ತಿತು. ಏಷ್ಯಾದಲ್ಲೇ ಅತಿ ಹಳೆಯ ಪಂದ್ಯಾವಳಿ ಅದು. ಮರುದಿನ ದೇಶವೆಲ್ಲ ಏನು ನೋಡಿತು? ಫೋಟೊಕ್ಕೆ ಅಡ್ಡ ಬಂದನೆಂದು ನಾಯಕ ಸುನಿಲ್ ಛೆಟ್ರಿಯನ್ನು ಪಕ್ಕಕ್ಕೆ ಸರಿಸಿದ ಪಶ್ಚಿಮ ಬಂಗಾಳದ ಅಂದಿನ ರಾಜ್ಯಪಾಲ ಲಾ. ಗಣೇಶನ್ ಅವರ ಕೈ! ಗೋಲು ಹೊಡೆದವರು ಶಿವಶಕ್ತಿ ಮತ್ತು ಅಲನ್ ಕೋಸ್ಟಾ ಎಂಬುದು ಆ ಕೈಯ ಹಿಂದೆ ಮರೆಯಾಯಿತು. ಅಭಿಮಾನಿಗಳು ಸಿಟ್ಟಿಗೆದ್ದರು, ಸರಿಯೇ. ಆದರೆ ಆ ತುಣುಕನ್ನು ಅತಿ ಹೆಚ್ಚು ಹಂಚಿದವರಲ್ಲಿ ಅವರೂ ಇದ್ದರು ಎಂಬ ಸಂಶಯ ನನಗಿದೆ.

ಅದೇ ತಂಡದ ಇನ್ನೊಂದು ಪಂದ್ಯ ನೋಡಿ. 2023ರ ಮಾರ್ಚ್ 3, ಶುಕ್ರವಾರ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಾಕೌಟ್, ಎದುರಾಳಿ ಕೇರಳ ಬ್ಲಾಸ್ಟರ್ಸ್. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಅವಧಿಯ ಮೊದಲಲ್ಲೇ ಬೆಂಗಳೂರಿಗೆ ಫ್ರೀಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಗೋಡೆ ಕಟ್ಟುವುದು ಮುಗಿದಿರಲಿಲ್ಲ, ಗೋಲ್‌ಕೀಪರ್ ಗೋಡೆ ಸರಿಪಡಿಸುವುದರಲ್ಲಿದ್ದ. ಛೆಟ್ರಿ ಸೀಟಿಗೆ ಕಾಯದೆ ಚೆಂಡನ್ನು ಬಲೆಗೆ ಕಳಿಸಿದ. ರೆಫರಿ ಕ್ರಿಸ್ಟಲ್ ಜಾನ್ ಗೋಲು ಎಂದರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಹುಡುಗರನ್ನು ಮೈದಾನದಿಂದ ಹೊರಗೆ ಕರೆದರು, ಅವರು ಮತ್ತೆ ಬರಲಿಲ್ಲ. ಪಂದ್ಯ ಬೆಂಗಳೂರಿನದಾಯಿತು, ರಾಷ್ಟ್ರೀಯ ಫುಟ್‌ಬಾಲ್ ಫೆಡರೇಷನ್ ಮುಂದೆ ಬ್ಲಾಸ್ಟರ್ಸಿಗೆ 4 ಕೋಟಿ ರೂಪಾಯಿ ದಂಡ, ಕೋಚಿಗೆ 10 ಪಂದ್ಯಗಳ ನಿಷೇಧ ಹಾಕಿತು.

ನಿಯಮ ಗೊತ್ತಿದ್ದವರಿಗೆ ಇಲ್ಲಿ ನಿಜಕ್ಕೂ ರುಚಿಯಾದ ವಿಷಯವಿದೆ. ಚೆಂಡು ನಿಂತಿದ್ದರೆ ಸಾಕು, ಫ್ರೀಕಿಕ್ಕನ್ನು ಥಟ್ಟನೆ ತೆಗೆದುಕೊಳ್ಳಬಹುದು; 9.15 ಮೀಟರ್ ಅಂತರವನ್ನು ಬಯಸದಿರುವುದು ಒದೆಯುವವನ ಹಕ್ಕು. ಆದರೆ ರೆಫರಿಯೇ ನಡುವೆ ಬಂದು ಗೋಡೆ ಹಿಂದೆ ಸರಿಸಲು ಶುರುಮಾಡಿದನೆಂದರೆ ಆಮೇಲೆ ಸೀಟಿ ಊದಲೇಬೇಕು. ಹಾಗಾದರೆ ಅಂದು ರೆಫರಿ ನಡುವೆ ಬಂದಿದ್ದರೇ? ಇಡೀ ಜಗಳ ನಿಂತದ್ದು ಆ ಕೆಲವು ಸೆಕೆಂಡುಗಳ ಮೇಲೆ. ಇದನ್ನು ಬಿಡಿಸಿ ಹೇಳುವ ಕೆಲಸ ಪತ್ರಿಕೆಗಳದ್ದಾಗಿತ್ತು. ನನ್ನ ಕಿವಿಗೆ ಬಿದ್ದದ್ದು ಬೇರೆ. ಬೆಂಗಳೂರಿನವರು "ಓಡಿಹೋದವರಿಗೆ ಮಾಧ್ಯಮದ ಕನಿಕರ" ಎಂದರು, ಬ್ಲಾಸ್ಟರ್ಸಿನವರು "ಛೆಟ್ರಿ ಏನು ಮಾಡಿದರೂ ಮಾಧ್ಯಮಕ್ಕೆ ದೇವರು" ಎಂದರು. ಅದೇ ಟೀವಿ, ಅದೇ ದೃಶ್ಯ. ತಮಾಷೆಯೆಂದರೆ, "ರೆಫರಿಯ ಮಾತೇ ಅಂತಿಮ" ಎಂದು ಮೂರನೇ ತಾರೀಖು ಗಂಟಲು ಹರಿದುಕೊಂಡ ನಮ್ಮವರು, ಹದಿನೆಂಟನೇ ತಾರೀಖು ಗೋವಾದ ಫೈನಲಿನಲ್ಲಿ ಮೋಹನ್ ಬಾಗಾನಿಗೆ 85ನೇ ನಿಮಿಷದಲ್ಲಿ ಪೆನಾಲ್ಟಿ ಸಿಕ್ಕು ಕೊನೆಗೆ ಶೂಟೌಟ್ ಸೋತಾಗ ಆ ಮಾತನ್ನು ಪೂರ್ತಿ ಮರೆತಿದ್ದರು.

ಇಷ್ಟರಲ್ಲಿ ಒಂದು ಪಂದ್ಯ ನಮ್ಮ ಕೈಯಿಂದ ಜಾರಿಹೋಯಿತು. ಮಾರ್ಚ್ 4, ಶನಿವಾರ. ಛೆಟ್ರಿಯ ಫ್ರೀಕಿಕ್ಕಿನ ಮರುದಿನವೇ ಸೌದಿ ಅರೇಬಿಯಾದ ರಿಯಾದಿನಲ್ಲಿ, ಕಿಂಗ್ ಫಹದ್ ಕ್ರೀಡಾಂಗಣದಲ್ಲಿ, ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷಗಳ ಮೇಲೆ! ಹಿಂದಿನ ನಾಲ್ಕೂ ಸಲ, 1946–47ರಿಂದ 1968–69ರವರೆಗೆ, ಕಪ್ಪಿನ ಮೇಲೆ ಕೂತದ್ದು ಮೈಸೂರು ಎಂಬ ಹೆಸರು. ಕರ್ನಾಟಕ ಎಂಬ ಹೆಸರು ಮೊದಲ ಸಲ ಅಲ್ಲಿಗೆ ಏರಿದ್ದು ಆ ರಾತ್ರಿ. ಸುನಿಲ್ ಕುಮಾರ್ ಮೂರನೇ ನಿಮಿಷಕ್ಕೇ ಗೋಲು ಹೊಡೆದ, ಮೇಘಾಲಯ ಪೆನಾಲ್ಟಿಯಿಂದ ಸಮ ಮಾಡಿತು, ಬೇಕಿ ಓರಾಂ ಮತ್ತೆ ಮುನ್ನಡೆ ಕೊಟ್ಟ, ವಿರಾಮಕ್ಕೆ ಸ್ವಲ್ಪ ಮೊದಲು ರಾಬಿನ್ ಯಾದವ್ ಮೂರನೆಯದನ್ನು ಸೇರಿಸಿದ.

ಪತ್ರಿಕೆಗಳು ಬರೆಯಲಿಲ್ಲ ಎಂದು ನಾನು ಹೇಳುತ್ತಿಲ್ಲ, ಬರೆದವು. ಆದರೆ ಅದೇ ಶನಿವಾರ ನವಿ ಮುಂಬೈಯಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಆರಂಭವಾಗಿತ್ತು, ಇಂದೋರ್ ಟೆಸ್ಟನ್ನು ಆಸ್ಟ್ರೇಲಿಯ ಹಿಂದಿನ ದಿನವಷ್ಟೇ ಗೆದ್ದಿತ್ತು, ಬ್ಲಾಸ್ಟರ್ಸ್ ಹೊರನಡೆದ ಕತೆ ಇನ್ನೂ ಬಿಸಿಯಾಗಿತ್ತು. ಗಡಿಯೂರಿಗೆ ಬರುವ ಆವೃತ್ತಿ ಬೇರೆ ಬೇಗ ಮುದ್ರಣಕ್ಕೆ ಹೋಗುತ್ತದೆ; ದೂರ ಹೆಚ್ಚಾದಷ್ಟೂ ಗಡುವು ಮುಂಚೆ, ತಡರಾತ್ರಿಯ ಸ್ಕೋರು ಒಂದು ದಿನ ತಡ. ಇದರಲ್ಲಿ ಯಾರದೂ ಪಿತೂರಿಯಿಲ್ಲ. ಆದರೆ ಛೆಟ್ರಿಗಾಗಿ ವಾರಗಟ್ಟಲೆ ಮಾಧ್ಯಮವನ್ನು ಶಪಿಸಿದ ಗೆಳೆಯರಲ್ಲಿ ಒಬ್ಬರೂ ಸಂತೋಷ್ ಟ್ರೋಫಿಗೆ ಎಷ್ಟು ಜಾಗ ಸಿಕ್ಕಿತೆಂದು ಅಳೆದದ್ದನ್ನು ನಾನು ಕಾಣೆ. ಅಳೆಯಲು ಎದುರಿಗೆ ಇನ್ನೊಂದು ತಂಡ ಬೇಕು. ನಮಗಿಂತ ಹೆಚ್ಚು ಪಡೆದವನು ಬೇಕು. ಮೇಘಾಲಯದ ಮೇಲೆ ಅಕ್ಕೋಳದಲ್ಲಿ ಯಾರಿಗೂ ಹಗೆಯಿಲ್ಲ, ಹಾಗಾಗಿ ಆ ಪುಟದ ಮೇಲೆ ಜಗಳವೂ ಆಗಲಿಲ್ಲ.

ಸಂಪಾದಕರಿಗೆ ಪತ್ರ ಬರೆಯುವ ಉಮೇದಿರುವವರಿಗೆ ನನ್ನದೊಂದು ಸಲಹೆ. ಎರಡು ಗೆರೆ, ಅರ್ಧ ಪಾನದ ಲೆಕ್ಕ ಬಿಡಿ. ಸಂತೋಷ್ ಟ್ರೋಫಿಗೆ ಹೊರಡುವ ನಮ್ಮ ರಾಜ್ಯ ತಂಡದ ಹುಡುಗರ ಹೆಸರು, ಊರು, ಪಂದ್ಯದ ವೇಳೆ ಪಂದ್ಯಕ್ಕೆ ಮೊದಲೇ ಅಚ್ಚಾಗಲಿ ಎಂದು ಕೇಳಿ. ಮರಾಠಿ ಪೇಪರುಗಳು ಶಾಹೂ ಸ್ಟೇಡಿಯಮ್ಮಿನ ನಾಳೆಯ ಪಂದ್ಯ ಎಷ್ಟು ಗಂಟೆಗೆ ಎಂದು ಇವತ್ತೇ ಹಾಕುತ್ತವೆ, ಅದನ್ನು ನೋಡಿಯೇ ನಮ್ಮ ಹುಡುಗರು ನಿಪ್ಪಾಣಿಯ ಸ್ಟ್ಯಾಂಡಿನಲ್ಲಿ ಮಧ್ಯಾಹ್ನದ ಬಸ್ಸು ಹಿಡಿಯುತ್ತಾರೆ.