ಹುಡುಕಾಟ ನಿಂತ ಮೇಲೆ: ‘ಘಾಚರ್ ಘೋಚರ್’ನ ನಿರುದ್ಯೋಗ

ಗೂಡಲೂರಿನಿಂದ ಮಾತಾಡ್ತಿದ್ದೇನೆ, ಇಲ್ಲಿ ಮಳೆ. ಧ್ವನಿ ಕಡಿದರೆ ದಯವಿಟ್ಟು ಹೇಳಿ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಕೃತಿಯನ್ನು ದಿಢೀರ್ ಹಣ ಕಂಡ ಕುಟುಂಬದ ಕಥೆಯಾಗಿ ಓದುವುದು ರೂಢಿ. ನಾನು ಅದನ್ನು ಕೆಲಸ ಹುಡುಕುವುದನ್ನೇ ಬಿಟ್ಟವನ ಕಥೆಯಾಗಿ ಓದುತ್ತೇನೆ.

ಅಪ್ಪ ಚಹಾ ಕಂಪನಿಯ ಸೇಲ್ಸ್‌ಮನ್. ಸ್ವಯಂನಿವೃತ್ತಿಯ ಹೆಸರಲ್ಲಿ ಆತನ ಕೆಲಸ ಹೋಗುತ್ತದೆ. ಆ ಹಣವೇ ಚಿಕ್ಕಪ್ಪನ ‘ಸೋನಾ ಮಸಾಲಾ’ಕ್ಕೆ ಬಂಡವಾಳ. ನಿರೂಪಕ ಅದರ ನಿರ್ದೇಶಕ. ತಿಂಗಳು ತಿಂಗಳು ಖಾತೆಗೆ ಹಣ ಬೀಳುತ್ತೆ, ಮಾಡೋಕೆ ಕೆಲಸ ಇಲ್ಲ. ಹೊತ್ತು ಕಾಫಿಹೌಸಿನಲ್ಲಿ ಹೋಗುತ್ತೆ. ನಮ್ಮ ಸರ್ಕಾರಿ ಸಮೀಕ್ಷೆಗಳು ಕೆಲಸವಿಲ್ಲದೆ, ಕೆಲಸ ಹುಡುಕುವವರನ್ನೋ ಕೆಲಸಕ್ಕೆ ಸಿದ್ಧವಿರುವವರನ್ನೋ ನಿರುದ್ಯೋಗಿ ಅನ್ನುತ್ತವೆ. ಇವನು ಆ ಲೆಕ್ಕಕ್ಕೆ ಸಿಗುವುದೇ ಇಲ್ಲ.

2010ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಡೈಮಂಡ್, ಮಾರ್ಟೆನ್ಸೆನ್, ಪಿಸ್ಸರೈಡ್ಸ್ ತೋರಿಸಿದ್ದು ಇದನ್ನೇ: ಖಾಲಿ ಹುದ್ದೆ, ಕೆಲಸವಿಲ್ಲದ ಜನ ಎರಡೂ ಒಟ್ಟಿಗೇ ಇರಬಹುದು, ಯಾಕಂದ್ರೆ ಪರಸ್ಪರ ಹುಡುಕೋಕೆ ಹೊತ್ತು, ಖರ್ಚು ಬೇಕು. ಹೊತ್ತು ಕಳೆದಷ್ಟೂ ಕಲಿತದ್ದು ಮರೆಯುತ್ತೆ. ‘ಇಷ್ಟು ವರ್ಷ ಏನು ಮಾಡ್ತಿದ್ರಿ?’ ಅಂತ ಮಾಲೀಕರು ಅನುಮಾನ ಪಡುತ್ತಾರೆ, ಹುಡುಕುವವನೂ ಸೋಲುತ್ತಾನೆ. ಉದಕಮಂಡಲದಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ (ಸ್ಥಾಪನೆ 1960) ಮುಚ್ಚಿದಾಗ ಫಿಲ್ಮ್ ತಯಾರಿಕೆ ಬಲ್ಲವರ ಕೈಗೆ ಸ್ವಯಂನಿವೃತ್ತಿ ಹಣ ಬಂತು. ಆ ಕಸುಬು ಬೇಡುವ ಇನ್ನೊಂದು ಕಾರ್ಖಾನೆ ಬೆಟ್ಟದಲ್ಲಿರಲಿಲ್ಲ.

ಕಾದಂಬರಿಯ ಶಕ್ತಿ ಇರುವುದು ಅನಿತಾಳಲ್ಲಿ. ಗಂಡನಿಗೆ ಸ್ವಂತ ದುಡಿಮೆ ಇಲ್ಲ ಅನ್ನೋದು ಆ ಮನೆಯಲ್ಲಿ ಅವಳೊಬ್ಬಳಿಗೇ ಅವಮಾನ ಅನ್ನಿಸುತ್ತೆ. ರಕ್ತಸಂಬಂಧ ನೋಡಿ ಕೆಲಸ ಕೊಡುವ ಮನೆ, ಸಂಬಳಕ್ಕೆ ಪ್ರತಿಯಾಗಿ ಬಾಯಿ ಮುಚ್ಚಿಕೊಂಡಿರು ಅನ್ನುತ್ತೆ. ನನ್ನ ತಕರಾರು ಒಂದಿದೆ. ಗೋದಾಮಿನಲ್ಲಿ ದುಡಿಯುವವರು ಆ ಕೆಲಸಕ್ಕೆ ಹೇಗೆ ಬಂದರು, ಯಾರನ್ನು ಕೇಳಿಕೊಂಡು ಬಂದರು? ನೇಮಕಾತಿಯನ್ನು ಮನೆಯ ಒಳಗಿನಿಂದ ಇಷ್ಟು ಚೂಪಾಗಿ ಕಂಡ ನಿರೂಪಣೆ ಅತ್ತ ತಿರುಗುವುದೇ ಇಲ್ಲ.

ಇದು ತಟಸ್ಥ ಓದು ಅಂತ ನಾನೇನೂ ಹೇಳಲ್ಲ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ, ಕೆಲವೇ ಬಸ್ಸು ಮತ್ತು ತುರ್ತು ವಾಹನ ಬಿಟ್ಟು, ಬಂದ್. ಮೈಸೂರಲ್ಲಿ ಬೆಳಿಗ್ಗೆ ಸಂದರ್ಶನ ಅಂದ್ರೆ ನಾನು ಹಿಂದಿನ ದಿನವೇ ಹೊರಟು ಲಾಡ್ಜ್ ಮಾಡಬೇಕು. ಮೂರು ಸಲ ಹೋಗಿಬಂದೆ. ಮಾವ ‘ಸುಮ್ನೆ ಯಾಕೆ ಓಡಾಡ್ತೀಯ, ನಮ್ಮ ಅಂಗಡೀಲೇ ಕೂತ್ಕೊ’ ಅಂದ್ರು. ಪ್ರೀತಿಯಿಂದಲೇ ಅಂದದ್ದು. ಅನಿತಾಳ ಮಾತುಗಳ ಪಕ್ಕ ನಾನು ಪೆನ್ಸಿಲ್ ಗೀಟು ಹಾಕಿದ್ದು ಆ ವಾರವೇ.